ಬೇಕಾದಾಗ ಮಾತ್ರ ತಗ್ಗಿಸುವ ಈಕ್ವಲೈಸರ್

ಒಂದು ದಿಕ್ಕಿನ ಧ್ವನಿಯನ್ನೇ ಹೆಚ್ಚಾಗಿ ಗ್ರಹಿಸುವ ಮೈಕಿನ ಮುಂದೆ ಗಾಯಕನೊಬ್ಬನು ಹಾಡುತ್ತಿರುವನೆಂದು ಭಾವಿಸೋಣ. ಮಂದ್ರಸ್ಥಾಯಿಗೆ ಇಳಿಯುವಾಗ ಆತನು ಮೈಕಿನತ್ತ ಬಾಗುತ್ತಾನೆ. ತಾರಸ್ಥಾಯಿಗೆ ಏರುವಾಗ ಹಿಂದೆ ಸರಿಯುತ್ತಾನೆ. ಬಾಗಿದಾಗ ಧ್ವನಿ ಜೋರಾಗುವುದು ಸಹಜವೇ. ಆದರೆ ಈ ಬಗೆಯ ಮೈಕು ಸಮೀಪದ ಧ್ವನಿಯಲ್ಲಿ ಕೆಳಗಿನ ಆವರ್ತಾಂಕಗಳನ್ನು ಮಿಕ್ಕವುಗಳಿಗಿಂತ ಹೆಚ್ಚಾಗಿ ಎತ್ತುತ್ತದೆ. ಆದುದರಿಂದ ಸೆಕೆಂಡಿಗೆ 200 ಕಂಪನಗಳ, ಎಂದರೆ 200 ಹರ್ಟ್ಸಿನ, ಆಸುಪಾಸಿನಲ್ಲಿ ಕಂಠವು ಊದಿಕೊಂಡು ಗುಡಾಣದೊಳಗಿಂದ ಬಂದಂತೆ ಕೇಳುತ್ತದೆ.

ಧ್ವನಿಮುದ್ರಣವನ್ನು ಹದಗೊಳಿಸುವವನು ಇದನ್ನು ಹೇಗೆ ಸರಿಪಡಿಸಬೇಕು? ಸಾಮಾನ್ಯ ಈಕ್ವಲೈಸರಿನಿಂದ ಆ ಭಾಗವನ್ನು ತಗ್ಗಿಸಿದರೆ ತಗ್ಗು ಹಾಡಿನ ಉದ್ದಕ್ಕೂ ಉಳಿಯುತ್ತದೆ. ಗಾಯಕನು ಹಿಂದೆ ಸರಿದಾಗ ಕಂಠ ಬಡಕಲಾಗುತ್ತದೆ. ಕಂಪ್ರೆಸರನ್ನು ಬಳಸಿದರೆ ಅದು ಇಡೀ ಕಂಠವನ್ನೇ ಅದುಮುತ್ತದೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ!

ಹಲವು ಪಟ್ಟಿಗಳ ಡೈನಮಿಕ್ ಈಕ್ವಲೈಸರ್ ಈ ಎರಡರ ಗುಣಗಳನ್ನೂ ಕೂಡಿಸಿಕೊಂಡ ಸಾಧನ. ನಾವು ಆರಿಸಿದ ಪ್ರತಿಯೊಂದು ಪಟ್ಟಿಯಲ್ಲಿಯೂ ಅದು ಧ್ವನಿಯ ಮಟ್ಟವನ್ನು ಅಳೆಯುತ್ತಿರುತ್ತದೆ. ಮಟ್ಟವು ನಾವು ಗೊತ್ತುಪಡಿಸಿದ ಹೊಸ್ತಿಲನ್ನು ದಾಟಿದಾಗ ಮಾತ್ರ ಆ ಪಟ್ಟಿ ತಗ್ಗುತ್ತದೆ. ಹೊಸ್ತಿಲು −24 ಡೆಸಿಬಲ್, ಪ್ರಮಾಣ 3ಕ್ಕೆ 1 ಎಂದಿಟ್ಟುಕೊಳ್ಳೋಣ. ಧ್ವನಿ −18ಕ್ಕೆ ಏರಿದರೆ ಹೊಸ್ತಿಲಿಗಿಂತ 6 ಡೆಸಿಬಲ್ ಮೇಲಾಯಿತು. ಅದರಲ್ಲಿ ಮೂರನೆಯ ಒಂದು ಪಾಲು, ಎಂದರೆ 2 ಡೆಸಿಬಲ್ ಮಾತ್ರ ಉಳಿಯುತ್ತದೆ. ಆಗ ತಗ್ಗು 4 ಡೆಸಿಬಲ್. ಗಾಯಕನು ಹಿಂದೆ ಸರಿದರೆ ತಗ್ಗು ತಾನಾಗಿಯೇ ಮಾಯವಾಗುತ್ತದೆ.

ಈ ಏರಿಳಿತ ಎಷ್ಟು ಬೇಗ ಆಗಬೇಕೆಂಬುದೇ ಸೂಕ್ಷ್ಮವಾದ ಪ್ರಶ್ನೆ. 100 ಹರ್ಟ್ಸಿನ ಒಂದು ಕಂಪನಕ್ಕೆ 10 ಮಿಲಿಸೆಕೆಂಡು ಹಿಡಿಯುತ್ತದೆ. ಸಾಧನವು ಇದಕ್ಕಿಂತ ಚುರುಕಾಗಿ ವರ್ತಿಸಿದರೆ ಒಂದೇ ಕಂಪನದ ಒಳಗೆ ಮಟ್ಟ ಬದಲಾಗಿ ಅಲೆಯ ಆಕಾರವೇ ಕೆಡುತ್ತದೆ. ಮೂಲದಲ್ಲಿಲ್ಲದ ಸ್ವರಾಂಶಗಳು ಹುಟ್ಟಿಕೊಳ್ಳುತ್ತವೆ. ಆದುದರಿಂದ ಕೆಳಗಿನ ಪಟ್ಟಿಗಳಿಗೆ 30–50 ಮಿಲಿಸೆಕೆಂಡುಗಳ ನಿಧಾನವೇ ಲೇಸು. ಶ, ಷ, ಸಕಾರಗಳ ಸೀಟಿಯನ್ನು ಅಡಗಿಸುವಾಗ ಸಂಗತಿ ಬೇರೆ. ಆ ಸದ್ದು ಹೆಚ್ಚಾಗಿ 5000ದಿಂದ 8000 ಹರ್ಟ್ಸಿನಲ್ಲಿರುತ್ತದೆ, ಕ್ಷಣಮಾತ್ರದಲ್ಲಿ ಮುಗಿದುಹೋಗುತ್ತದೆ. ಅಲ್ಲಿ ಒಂದೆರಡು ಮಿಲಿಸೆಕೆಂಡಿನೊಳಗೆ ಕೆಲಸ ನಡೆಯಬೇಕು. ಅಷ್ಟರಲ್ಲಿಯೇ ಹಲವು ಕಂಪನಗಳು ಕಳೆದಿರುವುದರಿಂದ ಅಪಾಯವೂ ಕಡಿಮೆ.

ಮಲ್ಟಿಬ್ಯಾಂಡ್ ಕಂಪ್ರೆಸರಿಗೂ ಇದಕ್ಕೂ ಭೇದವೇನೆಂದು ವಾಚಕರು ಕೇಳಬಹುದು. ಅದು ಧ್ವನಿಯನ್ನು ಮೊದಲು ತುಂಡುಮಾಡಿ ಆಮೇಲೆ ಜೋಡಿಸುತ್ತದೆ. ಸಾಮಾನ್ಯವಾಗಿ ಆ ಗಡಿಗಳಲ್ಲಿ, ಅದುಮುವಿಕೆ ನಡೆಯದಿದ್ದಾಗಲೂ, ಅಲೆಗಳ ಹಂತ ಸ್ವಲ್ಪ ಜರುಗಿರುತ್ತದೆ. ಡೈನಮಿಕ್ ಈಕ್ವಲೈಸರಿನಲ್ಲಿ ಇಂತಹ ತುಂಡುಮಾಡುವಿಕೆ ಇಲ್ಲ.

ಇನ್ನೊಂದು ಉಪಯೋಗವಿದೆ. ಕರ್ನಾಟಕ ಸಂಗೀತದಲ್ಲಿ ಪಿಟೀಲು ಗಾಯಕನ ನೆರಳಿನಂತೆ ಹಿಂಬಾಲಿಸುತ್ತದೆ. ನಮ್ಮ ಕಿವಿ ಬಹಳ ಚುರುಕಾಗಿರುವ 2000–5000 ಹರ್ಟ್ಸಿನಲ್ಲಿ ಎರಡೂ ಮೇಲೆಬಿದ್ದು ಸಾಹಿತ್ಯದ ಅಕ್ಷರಗಳು ಮಸುಕಾಗುತ್ತವೆ. ಪಿಟೀಲಿನ ಆ ಪಟ್ಟಿಯನ್ನು ಕಂಠದ ಮಟ್ಟಕ್ಕೆ ಅಧೀನಗೊಳಿಸಿದರೆ ಗಾಯಕನು ಹಾಡುವಾಗ ಪಿಟೀಲು 2 ಡೆಸಿಬಲಿನಷ್ಟು ದಾರಿ ಬಿಡುತ್ತದೆ. ಆತನು ನಿಲ್ಲಿಸಿದಾಗ ಪೂರ್ಣಕಾಂತಿಯಿಂದ ನುಡಿಯುತ್ತದೆ.

ಆದರೆ ಗಾಯಕನು ಬಾಗಿದ್ದರಿಂದ ಬಂದ ಊತ ಯಾವುದು, ಬೇಕೆಂದೇ ತುಂಬುಕಂಠದಿಂದ ಹಿಡಿದ ಮಂದ್ರಪಂಚಮ ಯಾವುದು ಎಂಬುದು ಈ ಸಾಧನಕ್ಕೆ ತಿಳಿಯದು. ಅದು ಅಳೆಯುವುದು ಮಟ್ಟವನ್ನು ಮಾತ್ರ. ಎಲ್ಲ ಪಟ್ಟಿಗಳಲ್ಲಿಯೂ ಹೊಸ್ತಿಲನ್ನು ಇಳಿಸಿಟ್ಟ ಮುದ್ರಣಗಳಲ್ಲಿ ಗಾಯಕನ ಭಾವವೇ ಸವೆದುಹೋಗಿರುವುದನ್ನು ನಾವು ಕೇಳಿದ್ದೇವೆ. ತಗ್ಗಿಗೆ 3–4 ಡೆಸಿಬಲ್ಲುಗಳ ಮಿತಿ ಹಾಕುವುದು ಕ್ಷೇಮ. ಸಾಧನವನ್ನು ಆರಿಸಿಯೂ ಹಚ್ಚಿಯೂ ಹೋಲಿಸುವಾಗ ಎರಡರ ಜೋರನ್ನು ಸಮನಾಗಿಡಬೇಕು. ಇಲ್ಲವಾದರೆ ಹೆಚ್ಚು ಜೋರಾದುದೇ ಕಿವಿಗೆ ಇಂಪೆಂದು ತೋರುತ್ತದೆ.