ಹಡಗು ನಿಂತಷ್ಟು ಹೊತ್ತಿನಲ್ಲಿ ಎರಡು ಡೈವ್

ಹೈದರಾಬಾದಿನ ಜೀಡಿಮೆಟ್ಲಾದ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ರಜೆಯೂ ಹಣವೇ. ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳ ಸಹಿತ ರಜೆ ಎಂಬುದು 1948ರ ಕಾರ್ಖಾನೆ ಕಾಯ್ದೆ ಹಾಕಿಕೊಟ್ಟ ಲೆಕ್ಕ. ಹಾಗೆ ಕೂಡಿದ ರಜೆಯಲ್ಲಿ ಕಲಬುರಗಿಯ ಮದುವೆಗಳು, ಶರಣಬಸವೇಶ್ವರರ ಜಾತ್ರೆ, ಇಲ್ಲಿನ ಬೋನಾಲು, ಮಕ್ಕಳ ಜ್ವರ, ಹಿರಿಯರ ಆಸ್ಪತ್ರೆ ಎಲ್ಲವೂ ಮುಗಿಯಬೇಕು. ಔಷಧ ಕಾರ್ಖಾನೆಯ ಲ್ಯಾಬ್‌ನಲ್ಲಿ ಶಿಫ್ಟ್ ಮಾಡುವ ನನಗೆ ಯಾವ ಖರ್ಚಿನ ಚೀಟಿ ಬರೆಯುವಾಗಲೂ ಎರಡು ಕಾಲಂ ಬೇಕು. ಒಂದು ರೂಪಾಯಿಗೆ, ಇನ್ನೊಂದು ರಜೆಗೆ.

ಸ್ಕೂಬಾ ಕಲಿಯಬೇಕೆಂಬ ಆಸೆಗೆ ಬಹಳ ದಿನ ಅಡ್ಡಿಯಾಗಿದ್ದು ಎರಡನೇ ಕಾಲಂ. ಕಡಲಿನಿಂದ ಮುನ್ನೂರು ಕಿಲೋಮೀಟರ್‌ಗೂ ದೂರದಲ್ಲಿ ಬದುಕುವವರು ಈ ವಿದ್ಯೆ ಕಲಿಯಲು ಮುರ್ಡೇಶ್ವರಕ್ಕೋ ಗೋವಾಕ್ಕೋ ಅಂಡಮಾನಿಗೋ ಹೋಗಿ ನಾಲ್ಕು ದಿನ ಕೂರಬೇಕು. ಹೋಗಿಬರುವ ದಿನಗಳು ಬೇರೆ. ಅಷ್ಟು ರಜೆ ಒಂದೇ ಏಟಿಗೆ ಖಾಲಿ ಮಾಡುವ ಧೈರ್ಯ ಸಂಸಾರಸ್ಥರಿಗೆ ಬರುವುದಿಲ್ಲ.

ದಾರಿ ಇರುವುದು ಸ್ಕೂಬಾ ಕೋರ್ಸ್‌ನ ರಚನೆಯಲ್ಲೇ. ಡೈವಿಂಗ್ ತರಬೇತಿಯ ಪ್ಯಾಡಿ ಸಂಸ್ಥೆಯ ಓಪನ್ ವಾಟರ್ ಕೋರ್ಸ್‌ಗೆ ಮೂರು ಭಾಗಗಳಿವೆ: ಪಾಠ ಮತ್ತು ಪರೀಕ್ಷೆ, ಈಜುಕೊಳದ ಅಭ್ಯಾಸ, ಕಡಲಿನಲ್ಲಿ ನಾಲ್ಕು ಡೈವ್. ಮೊದಲ ಎರಡಕ್ಕೆ ಕಡಲು ಬೇಕಿಲ್ಲ. ಊರಿನಲ್ಲೇ ಅವನ್ನು ಮುಗಿಸಿದರೆ ತರಬೇತುದಾರರು ಏನೇನು ಮುಗಿದಿದೆ ಎಂದು ಬರೆದು ಸಹಿ ಹಾಕಿದ ರೆಫರಲ್ ಫಾರಂ ಕೊಡುತ್ತಾರೆ. ಅದನ್ನು ಹಿಡಿದು ಬೇರೆ ಊರಿನ, ಬೇರೆ ದೇಶದ ಪ್ಯಾಡಿ ತರಬೇತುದಾರರ ಬಳಿ ಉಳಿದದ್ದನ್ನು ಪೂರೈಸಬಹುದು. ನಾಲ್ಕೂ ಡೈವ್ ಒಬ್ಬರ ಬಳಿಯೇ ಆಗಬೇಕೆಂದಿಲ್ಲ, ಯಾವ ಡೈವ್ ಯಾರ ಬಳಿ ಆಯಿತೋ ಅವರು ಅದರ ಮುಂದೆ ಸಹಿ ಹಾಕುತ್ತಾರೆ. ಕೊನೆಯದಾಗಿ ಮುಗಿಸಿದ ಭಾಗದಿಂದ 12 ತಿಂಗಳು ಫಾರಂ ನಡೆಯುತ್ತದೆ. ಎಸ್‌ಎಸ್‌ಐನಂಥ ಇತರ ಸಂಸ್ಥೆಗಳಲ್ಲೂ ಇಂಥ ವ್ಯವಸ್ಥೆ ಇದೆ.

ನನ್ನ ಪಾಠಗಳು ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ನಡೆದವು. ಈಜುಕೊಳದ ತರಗತಿಗಳು ಭಾನುವಾರ, ನಗರದ ಇನ್ನೊಂದು ತುದಿಯಲ್ಲಿ. ಸುಚಿತ್ರಾ ಸರ್ಕಲ್‌ನಿಂದ ಅಲ್ಲಿಗೆ ಹೋಗಿಬರುವ ಪೆಟ್ರೋಲ್ ಸೇರಿಸಿ ಹದಿನಾರು ಸಾವಿರದಷ್ಟು ಖರ್ಚಾಯಿತು, ರಜೆಯ ಕಾಲಂನಲ್ಲಿ ಸೊನ್ನೆ. ನಿಲ್ಲದೆ 200 ಮೀಟರ್ ಈಜು, ಹತ್ತು ನಿಮಿಷ ನೀರಿನ ಮೇಲೆ ತೇಲುವುದು, ಮಾಸ್ಕ್ ತೆಗೆದು ಮತ್ತೆ ಹಾಕಿಕೊಂಡು ಒಳಗಿನ ನೀರು ಹೊರಹಾಕುವುದು, ಎಲ್ಲವೂ ಇಲ್ಲೇ ಆದವು. ಮೂಗಿಗೆ ನೀರು ಹತ್ತಿ ಹೆದರುವವರು ಇಲ್ಲಿ ಇನ್ನೊಂದು ಭಾನುವಾರ ಬಂದು ಅಭ್ಯಾಸ ಮಾಡಬಹುದು. ಗಂಟೆ ಲೆಕ್ಕದಲ್ಲಿ ನಿಲ್ಲುವ ಹಡಗಿನಿಂದ ಇಳಿದವರಿಗೆ ಆ ಅವಕಾಶವಿರುವುದಿಲ್ಲ.

ಈ ಲೆಕ್ಕದೊಳಗೆ ಹಡಗು ಬಂದದ್ದು ಬೇರೆ ಕಾರಣಕ್ಕೆ. ಸಿಂಗಪುರದಲ್ಲಿರುವ ಮೈದುನ, ಮಾವನವರ ನಿವೃತ್ತಿಗೆಂದು ಇಡೀ ಕುಟುಂಬಕ್ಕೆ ಅಲ್ಲಿಂದ ಹೊರಟು ಪೆನಾಂಗ್, ಫುಕೆಟ್ ನೋಡಿಕೊಂಡು ಮರಳುವ ಕ್ರೂಸ್ ಟಿಕೆಟ್ ಮಾಡಿಸಿದ್ದ. ಹೋಗುವುದು ಹೇಗೂ ಖಾತ್ರಿಯಾಗಿತ್ತು, ಆ ರಜೆಯೂ ಮಂಜೂರಾಗಿತ್ತು. ಫುಕೆಟ್‌ನ ಹಗಲನ್ನು ಡೈವ್‌ಗೆ ಬಳಸುವ ಯೋಚನೆ ಹೇಳಿದಾಗ ಅತ್ತೆ ಕೇಳಿದರು: “ನೀ ನೀರಾಗ ಇದ್ದಾಗ ಹಡಗ ಹೋಗಿಬಿಟ್ರ ಏನ್ ಮಾಡ್ತಿಯವ್ವಾ?”

ಇಡೀ ಲೆಕ್ಕದ ತಿರುಳು ಆ ಪ್ರಶ್ನೆಯಲ್ಲೇ ಇತ್ತು. ಹಡಗಿನವರೇ ಮಾರುವ ಪ್ರವಾಸಕ್ಕೆ ಹೋದವರು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ತಾವೇ ಏರ್ಪಾಡು ಮಾಡಿಕೊಂಡು ಹೋದವರಿಗೆ ಕಾಯುವುದಿಲ್ಲ. ಮುಂದಿನ ಬಂದರಿಗೆ ವಿಮಾನ, ಹೋಟೆಲ್, ವೀಸಾ ಎಲ್ಲ ಅವರ ತಲೆಯ ಮೇಲೆ. ಹಾಗೆಂದು ಹಡಗಿನ ಪ್ರವಾಸವನ್ನೇ ಕೊಳ್ಳೋಣವೆಂದರೆ ಅಲ್ಲಿ ಇದ್ದದ್ದು ಸ್ನಾರ್ಕೆಲಿಂಗ್ ಮತ್ತು ಮೊದಲ ಬಾರಿ ಇಳಿಯುವವರ ಪರಿಚಯದ ಡೈವ್ ಮಾತ್ರ. ಪರಿಚಯದ ಡೈವ್‌ನಲ್ಲಿ ತರಬೇತುದಾರರ ಕೈ ಹಿಡಿದು ಇಳಿಯುತ್ತೀರಿ, ಫೋಟೊ ಬರುತ್ತದೆ, ಸರ್ಟಿಫಿಕೇಟ್ ಬರುವುದಿಲ್ಲ. ಊರೂರಿನಲ್ಲಿ ಇದಕ್ಕೇ ಐದಾರು ಸಾವಿರ ಕೊಡುತ್ತಾ ಹೋದವರನ್ನು ಬಲ್ಲೆ. ಎಷ್ಟು ಸಲ ಇಳಿದರೂ ಮುಂದಿನ ಊರಿನಲ್ಲಿ ಮತ್ತೆ ಹೊಸಬರೇ.

ಹೊತ್ತಿನ ಲೆಕ್ಕ ಹಾಕುತ್ತಾ ಕೂತೆ. ನಮ್ಮ ಹಡಗು ಫುಕೆಟ್‌ನಲ್ಲಿ ಧಕ್ಕೆಗೆ ಬರುವುದಿಲ್ಲ. ಪಟಾಂಗ್ ಕಡಲತೀರದ ಎದುರು ಲಂಗರು ಹಾಕುತ್ತದೆ, ಅಲ್ಲಿಂದ ಸಣ್ಣ ದೋಣಿಗಳಲ್ಲಿ ದಡ ಸೇರಬೇಕು. ಸಾವಿರಾರು ಜನರಿಗೆ ಸರತಿ. ಫುಕೆಟ್‌ನ ಡೈವ್ ಬೋಟುಗಳು ಹೊರಡುವುದು ದ್ವೀಪದ ಇನ್ನೊಂದು ಮಗ್ಗುಲಿನ ಚಲೋಂಗ್ ಧಕ್ಕೆಯಿಂದ, ಅದೂ ಬೆಳಿಗ್ಗೆಯೇ. ಮರಳುವುದು ಸಂಜೆಯ ಹೊತ್ತಿಗೆ. ನಮಗೆ ಹೋಗುವಾಗ ಬೋಟು ಸಿಗುವುದಿಲ್ಲ, ಸಿಕ್ಕರೂ ಬರುವಾಗ ಹಡಗು ಸಿಗುವುದಿಲ್ಲ. ಹೀಗಾಗಿ ಬೋಟನ್ನೇ ಕೈಬಿಟ್ಟು, ದಡದಿಂದ ನಡೆದು ನೀರಿಗಿಳಿಯುವ ಡೈವ್ ಹುಡುಕಿದೆ. ಪಟಾಂಗ್‌ನ ದಕ್ಷಿಣಕ್ಕೆ, ಟ್ಯಾಕ್ಸಿಯಲ್ಲಿ ಅರ್ಧ ಗಂಟೆಯೊಳಗೆ, ಕಟಾ ಕಡಲತೀರವಿದೆ. ಸುಮಾರು ನವೆಂಬರ್‌ನಿಂದ ಏಪ್ರಿಲ್‌ವರೆಗೆ ಅಲ್ಲಿ ನೀರು ಶಾಂತ. ತೀರದ ಅಂಚಿನ ಬಂಡೆಸಾಲಿನಲ್ಲಿ ಹೊಸಬರಿಗೆ ತರಬೇತಿ ನಡೆಯುತ್ತದೆ. ಕೋರ್ಸ್‌ನ ಮೊದಲ ಎರಡು ಡೈವ್‌ಗಳು ಹೇಗೂ 12 ಮೀಟರ್‌ಗಿಂತ ಆಳ ಹೋಗುವಂತಿಲ್ಲ. ಬಂದರು ನಿಲುಗಡೆಯಲ್ಲಿ ಕಲಿಯುವವರು ಮೊದಲು ಕೇಳಬೇಕಾದದ್ದು ಡೈವ್‌ನ ಬೆಲೆಯನ್ನಲ್ಲ, ದಡದಿಂದಲೇ ಇಳಿಸುತ್ತೀರಾ ಎಂದು.

ನಾಲ್ಕೂ ಡೈವ್ ಅಲ್ಲೇ ಮುಗಿಸಲು ನಿಯಮ ಬಿಡುವುದಿಲ್ಲ. ಒಂದು ದಿನಕ್ಕೆ ಮೂರಕ್ಕಿಂತ ಹೆಚ್ಚು ತರಬೇತಿ ಡೈವ್ ಕೂಡದು, ನಾಲ್ಕು ಡೈವ್ ಕನಿಷ್ಠ ಎರಡು ದಿನಗಳಲ್ಲಿ ಹಂಚಿಕೆಯಾಗಬೇಕು. ಒಂದು ಬಂದರಿನಲ್ಲಿ ಎರಡು, ಇನ್ನೊಂದರಲ್ಲಿ ಎರಡು ಎಂದರೆ ಎರಡೂ ಬಂದರುಗಳಲ್ಲಿ ಡೈವ್‌ಗೆ ತಕ್ಕ ನೀರಿರಬೇಕು. ಪೆನಾಂಗ್‌ನಲ್ಲಿ ಅದು ನಡೆಯುವ ಮಾತಲ್ಲ. ಹಾಗಾಗಿ ಎರಡು ಕಟಾದಲ್ಲಿ, ಉಳಿದೆರಡು ಮುರ್ಡೇಶ್ವರದ ಬಳಿಯ ನಮ್ಮ ನೇತ್ರಾಣಿ ದ್ವೀಪದಲ್ಲಿ ಎಂದು ಮೊದಲೇ ಬರೆದಿಟ್ಟೆ. ಎರಡೇ ಡೈವ್‌ಗೆ ‘ಸ್ಕೂಬಾ ಡೈವರ್’ ಎಂಬ ಕಾರ್ಡ್ ಕೊಡುತ್ತೇವೆ ಎಂದು ಅಂಗಡಿಯವರು ಹೇಳಬಹುದು. ಆ ಕಾರ್ಡ್ ಇದ್ದವರು ಯಾವಾಗಲೂ ವೃತ್ತಿಪರರ ಜೊತೆಗೇ, 12 ಮೀಟರ್‌ವರೆಗೆ ಮಾತ್ರ ಇಳಿಯಬೇಕು. ಪೂರ್ಣ ಕೋರ್ಸ್ ಮುಗಿಸುವ ಮನಸ್ಸಿದ್ದರೆ ನಡುವೆ ಅದಕ್ಕೆ ಶುಲ್ಕ ಕಟ್ಟುವುದು ದಂಡ.

ಹಣ ಕೊಡುವ ವಿಧಾನದಲ್ಲೂ ಎಚ್ಚರ ಬೇಕು. ಸಮುದ್ರ ಒರಟಾದರೆ ಬಂದರನ್ನೇ ಬಿಟ್ಟು ಮುಂದೆ ಸಾಗುವ ಅಧಿಕಾರ ಕ್ಯಾಪ್ಟನ್‌ಗೆ ಇರುತ್ತದೆ, ಟಿಕೆಟ್‌ನ ಸಣ್ಣಕ್ಷರಗಳಲ್ಲಿ ಅದು ಬರೆದಿರುತ್ತದೆ. ಆಗ ಡೈವ್ ಅಂಗಡಿಗೆ ಕಟ್ಟಿದ ಪೂರ್ತಿ ಹಣ ಯಾರೂ ಮರಳಿಸುವುದಿಲ್ಲ. ಹಡಗು ಬಾರದಿದ್ದರೆ ಮುಂಗಡ ವಾಪಸ್ ಎಂದು ಇಮೇಲ್‌ನಲ್ಲಿ ಬರೆಸಿಕೊಂಡೆ, ಉಳಿದದ್ದನ್ನು ಅಲ್ಲೇ ಬಹ್ತ್ ನೋಟಿನಲ್ಲಿ ಕೊಟ್ಟೆ. ಅನೇಕ ಕ್ರೆಡಿಟ್ ಕಾರ್ಡ್‌ಗಳು ವಿದೇಶಿ ಖರ್ಚಿಗೆ ಶೇ 3.5ರವರೆಗೆ ಸೇರಿಸುತ್ತವೆ.

ವೈದ್ಯಕೀಯ ಪ್ರಶ್ನಾವಳಿಯನ್ನು ಊರಿನಲ್ಲೇ ತುಂಬಿ. ಅಸ್ತಮಾ, ಹೃದಯ, ಕಿವಿ, ನಿತ್ಯದ ಮಾತ್ರೆಗಳ ಬಗ್ಗೆ ಕೇಳುತ್ತದೆ. ಕೆಲವು ಉತ್ತರ ‘ಹೌದು’ ಎಂದಾದರೆ ವೈದ್ಯರ ಸಹಿ ಬೇಕೇ ಬೇಕು. ನನ್ನ ಜೊತೆಗೇ ಕೋರ್ಸ್ ಮಾಡುತ್ತಿದ್ದ ಗಂಡನಿಗೆ ಬಿಪಿ ಮಾತ್ರೆ ನಡೆಯುತ್ತಿದೆ, ಚಿಂತಲ್‌ನ ನಮ್ಮ ವೈದ್ಯರ ಬಳಿ ಹೊರಡುವ ಮೊದಲೇ ಸಹಿ ಮಾಡಿಸಿದ್ದೆವು. ಡೈವ್‌ನ ದಿನ ಕಟಾದಲ್ಲಿ ನಮ್ಮ ಜೊತೆಗಿದ್ದ ಒಬ್ಬ ಹುಡುಗ ಸಹಿ ಇಲ್ಲದೆ ದಡದಲ್ಲೇ ಕೂರಬೇಕಾಯಿತು. ವಿಮೆಯ ವಿಷಯ ಇನ್ನೂ ಮುಖ್ಯ. ಪ್ರವಾಸ ವಿಮೆಯ ಸಾಮಾನ್ಯ ಪಾಲಿಸಿಗಳಲ್ಲಿ ಹಲವು ಸಾಹಸ ಕ್ರೀಡೆಗಳನ್ನು ಹೊರಗಿಡುತ್ತವೆ. ಸ್ಕೂಬಾ ಎಂಬ ಪದ ಪಾಲಿಸಿಯಲ್ಲಿ ಎಲ್ಲಿದೆ, ಒಳಗೋ ಹೊರಗೋ, ನೀವೇ ಓದಿ ನೋಡಿ. ಏಜೆಂಟರ ಬಾಯಿಮಾತು ಸಾಲದು.

ಗಡಿಯಾರದ ಒಂದು ಮಾತು. ಥಾಯ್ಲೆಂಡ್ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ಹಡಗು ಯಾವ ಸಮಯ ಇಟ್ಟುಕೊಂಡಿದೆ, ಡೈವ್ ಅಂಗಡಿ ಯಾವ ಸಮಯ ಹೇಳಿತು, ನಿಮ್ಮ ಫೋನ್ ತಾನಾಗಿ ಯಾವುದಕ್ಕೆ ಬದಲಾಯಿತು ಎಂಬ ಮೂರನ್ನೂ ಒಂದೇ ಕಾಗದದಲ್ಲಿ ಬರೆದುಕೊಳ್ಳಿ. ಅಲಾರಂ ಕೈಗಡಿಯಾರದಲ್ಲಿರಲಿ. ಕೊನೆಯ ದೋಣಿಗಿಂತ ಎರಡು ಗಂಟೆ ಮೊದಲೇ ಪಟಾಂಗ್‌ಗೆ ಬರುವಂತೆ ಹಾಕಿಕೊಂಡೆವು. ಮಾವ, ಅತ್ತೆ ದಡದಲ್ಲಿ ಎಳನೀರು ಕುಡಿಯುತ್ತಾ ಕೂತಿದ್ದರು. ಅವರ ದಿನವನ್ನು ನನ್ನ ಡೈವ್‌ಗೆ ಬಲಿ ಕೊಡಬಾರದೆಂದು ಬೇರೆ ಟ್ಯಾಕ್ಸಿ ಗೊತ್ತುಮಾಡಿದ್ದೆವು, ಆ ಹಣವೂ ಡೈವ್‌ನ ಖರ್ಚೇ ಎಂದು ಲೆಕ್ಕಕ್ಕೆ ಹಿಡಿದೆ. ಎಲ್ಲ ಸೇರಿ ಹನ್ನೆರಡೂವರೆ ಸಾವಿರದ ಹತ್ತಿರ ಬಂತು.

ಹಡಗಿನಲ್ಲಿ ಒಂದು ಅನುಕೂಲವಿದೆ. ಡೈವ್ ಆದ ಮೇಲೆ ರಕ್ತದಲ್ಲಿ, ಅಂಗಾಂಶಗಳಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು. ಅದಕ್ಕೆ ಮೊದಲೇ ಎತ್ತರಕ್ಕೆ ಏರಿದರೆ ಗುಳ್ಳೆಗಳಾಗಿ ಕೀಲು, ನರಗಳಿಗೆ ಅಪಾಯ. ಒಂದಕ್ಕಿಂತ ಹೆಚ್ಚು ಡೈವ್ ಮಾಡಿದವರು ವಿಮಾನ ಹತ್ತಲು ಕನಿಷ್ಠ 18 ಗಂಟೆ ಕಾಯಬೇಕೆಂದು ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಲಹೆ. ಸಮುದ್ರಮಟ್ಟದಲ್ಲೇ ಸಾಗುವ ಹಡಗಿನಲ್ಲಿ ಆ ಕಾಯುವಿಕೆಗೆ ಪ್ರತ್ಯೇಕ ರೂಮ್ ಬಾಡಿಗೆ ಇಲ್ಲ.

ಇದೇ ಸಂಗತಿಯನ್ನು ನೇತ್ರಾಣಿಗೆ ಹೋಗುವ ಕನ್ನಡಿಗರು ಗಮನಿಸಬೇಕು. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ 2022ರಲ್ಲಿ ಆ ನೀರನ್ನು ತೆರೆಯ ಮೇಲೆ ತೋರಿಸಿದ ಮೇಲೆ ಅಲ್ಲಿಗೆ ಹೋಗುವ ಆಸೆ ಬಹಳ ಮಂದಿಗೆ ಹುಟ್ಟಿದೆ. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಬಸ್ಸಿನಲ್ಲಿ ಬಂದು, ಡೈವ್ ಮಾಡಿ, ಶನಿವಾರ ರಾತ್ರಿಯ ಬಸ್ಸಿಗೇ ಮರಳುವವರಿದ್ದಾರೆ. ವಿಮಾನಕ್ಕೆ ಹೇಳಿದ ಆ ಸಲಹೆ ಸುಮಾರು 600 ಮೀಟರ್‌ಗಿಂತ ಮೇಲಿನ ಎತ್ತರಕ್ಕೂ ಅನ್ವಯಿಸುತ್ತದೆ. ಬೆಂಗಳೂರು ಇರುವುದು 900 ಮೀಟರ್ ಎತ್ತರದಲ್ಲಿ, ಹುಬ್ಬಳ್ಳಿಯೂ 600 ದಾಟುತ್ತದೆ. ಘಟ್ಟ ಹತ್ತುವ ಮೊದಲು ಒಂದು ರಾತ್ರಿ ಕರಾವಳಿಯಲ್ಲೇ ಉಳಿಯಿರಿ. ಒಂದೂವರೆ ಸಾವಿರದ ರೂಮ್ ಉಳಿಸಲು ಹೋಗಿ ಬೆನ್ನುಹುರಿಯನ್ನು ಪಣಕ್ಕಿಡಬೇಡಿ. ಇದನ್ನು ಪ್ಯಾಕೇಜ್ ಮಾರುವವರು ಹೇಳದಿದ್ದರೆ ನೀವೇ ಕೇಳಿ.

ನಾವು ಕಾಚಿಗುಡದಿಂದ ಮಂಗಳೂರು ಕಡೆಯ ರೈಲಿನಲ್ಲಿ ಹೋಗಿ ಮುರ್ಡೇಶ್ವರ ತಲುಪಿದೆವು. ಅಲ್ಲಿಂದ ನೇತ್ರಾಣಿ ಹತ್ತು ನಾಟಿಕಲ್ ಮೈಲಿಯಷ್ಟು ದೂರ, ಬೋಟಿನಲ್ಲಿ ಒಂದೂವರೆ ಗಂಟೆ. ನಮ್ಮ ಬೋಟಿನಲ್ಲಿ ದಿನಕ್ಕೆ ಎರಡೇ ಡೈವ್. ಪೂರ್ಣ ಕೋರ್ಸ್ ಅಲ್ಲೇ ಮಾಡಿದ್ದರೆ ನಾಲ್ಕು ದಿನ, ಈಜುಕೊಳ ಮುಗಿಸಿ ಬಂದವರಿಗೆ ಎರಡು ದಿನ, ಎರಡು ಡೈವ್ ಮೊದಲೇ ಮುಗಿಸಿದ್ದ ನಮಗೆ ಒಂದೇ ದಿನ. ಕೊನೆಯ ಡೈವ್‌ನಲ್ಲಿ ಗಿಳಿಮೀನುಗಳ ಹಿಂಡೊಂದು ಹವಳ ಕೆರೆಯುವ ಸದ್ದು ಕಿವಿಗೆ ಸ್ಪಷ್ಟವಾಗಿ ಕೇಳಿಸಿತು. ದುಡ್ಡಿನ ಅಂಕಣದಲ್ಲಿ ಅದಕ್ಕೆ ಕಾಲಂ ಇಲ್ಲ, ಆದರೂ ಬರೆಯದೆ ಇರಲಾರೆ.

ಈಗ ಒಟ್ಟು ನೋಡಿ. ಈಜುಕೊಳ ಹದಿನಾರು, ಕಟಾ ಹನ್ನೆರಡೂವರೆ, ನೇತ್ರಾಣಿಯ ಎರಡು ಡೈವ್ ಮತ್ತು ಕಾರ್ಡ್‌ಗೆ ಹದಿಮೂರು, ನಲವತ್ತೊಂದೂವರೆ ಸಾವಿರ. ಇಡೀ ಕೋರ್ಸ್‌ಗೆ ಮುರ್ಡೇಶ್ವರದಲ್ಲಿ ಆಗ ನನಗೆ ಹೇಳಿದ್ದು ಸುಮಾರು ಮೂವತ್ತು ಸಾವಿರ. ರೂಪಾಯಿಯ ಕಾಲಂನಲ್ಲಿ ನಾನು ಹೆಚ್ಚೇ ಕೊಟ್ಟೆ. ರಜೆಯ ಕಾಲಂನಲ್ಲಿ ಮೂರು ದಿನ ಉಳಿಯಿತು. ಆ ಮೂರರಲ್ಲಿ ಎರಡನ್ನು ಉಳಿಸಿದ್ದು ಹೈದರಾಬಾದಿನ ಈಜುಕೊಳ, ಹಡಗು ಉಳಿಸಿದ್ದು ಒಂದು. ಕ್ರೂಸ್ ಟಿಕೆಟ್ ಇಲ್ಲದವರಿಗೆ ಆ ಒಂದು ದಿನಕ್ಕಾಗಿ ಕ್ರೂಸ್ ಕೊಳ್ಳುವುದು ಯಾವ ಲೆಕ್ಕದಲ್ಲೂ ಕೂಡದು. ಟಿಕೆಟ್ ಮೊದಲೇ ಆಗಿದ್ದರೆ, ಬಂದರಿನಲ್ಲಿ ದಡದ ಡೈವ್ ಸಿಗುವುದಾದರೆ, ಆ ಹಗಲನ್ನು ಬಿಡಬೇಡಿ.

ದೇಶದೊಳಗೇ ಹಡಗು ಬೇಕೆಂದರೆ ಲಕ್ಷದ್ವೀಪ ಆಡಳಿತದ ‘ಸಮುದ್ರಂ’ ಪ್ಯಾಕೇಜ್ ಇದೇ ಮಾದರಿಯದು. ಕೊಚ್ಚಿಯಿಂದ ಹೊರಟು ಕವರತ್ತಿ, ಕಲ್ಪೇನಿ, ಮಿನಿಕಾಯ್. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ಅಲ್ಲೂ ಹಡಗು ಲಗೂನ್‌ನ ಹೊರಗೆ ನಿಂತು ಸಣ್ಣ ದೋಣಿಯಲ್ಲಿ ಇಳಿಸುತ್ತದೆ. ಅಲ್ಲಿನ ಡೈವ್ ಕೇಂದ್ರ ನಿಮ್ಮ ರೆಫರಲ್ ಫಾರಂ ಒಪ್ಪುತ್ತದೆಯೇ ಎಂದು ಲಿಖಿತ ಉತ್ತರ ಪಡೆದ ಮೇಲೆ ಟಿಕೆಟ್ ಮಾಡಿಸಿ.

ನೇತ್ರಾಣಿಗೆ ಮಳೆಗಾಲದಲ್ಲಿ ಬೋಟು ಹೋಗುವುದಿಲ್ಲ, ಫಾರಂಗೆ 12 ತಿಂಗಳ ಗಡುವು. ಮಾರ್ಚ್‌ನಲ್ಲಿ ಈಜುಕೊಳ ಮುಗಿಸಿದವರಿಗೆ ಮೇ ತಿಂಗಳೊಳಗೆ ಆಗದಿದ್ದರೆ ಮುಂದಿನ ಅವಕಾಶ ಅಕ್ಟೋಬರ್ ಹೊತ್ತಿಗೆ. ಈಜುಕೊಳಕ್ಕೆ ಹಣ ಕಟ್ಟುವ ಮೊದಲು ನಿಮ್ಮ ಕಾರ್ಖಾನೆಯ ರಜೆ ಪಟ್ಟಿಯನ್ನೂ ಕರಾವಳಿಯ ಮಳೆಯ ತಿಂಗಳುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಹೊಂದಿದರೆ ಮಾತ್ರ ಕಟ್ಟಿ.