ಸಣ್ಣ ವಿಮಾನ ನಿಲ್ದಾಣ: ಬೆಳೆಗಾರರು ತಿಳಿದಿರಬೇಕಾದ ಲೆಕ್ಕ

ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಅಂದಿನಿಂದ ನಮ್ಮ ಸದಸ್ಯರು ಅಡಿಕೆ ತೂಕಕ್ಕೆ ಬಂದಾಗಲೂ ಗೊಬ್ಬರ ಒಯ್ಯಲು ಬಂದಾಗಲೂ ಒಂದೇ ಪ್ರಶ್ನೆ ಕೇಳುತ್ತಾರೆ. ಕೊಡಗು, ಚಿಕ್ಕಮಗಳೂರುಗಳಲ್ಲೂ ಏರ್‌ಸ್ಟ್ರಿಪ್ ಆಗಬೇಕೆಂಬ ಮಾತು ಬಹುಕಾಲದಿಂದ ಬಂದು ಹೋಗುತ್ತಿದೆಯಲ್ಲ, ಅದು ನಮ್ಮ ಊರಿಗೇ ಬಂದರೆ ಒಪ್ಪುವುದೋ, ಬೇಡವೆನ್ನುವುದೋ? ಉತ್ತರ ಹೇಳುವ ಮೊದಲು ಸರಕಾರದ ನೀತಿ ಏನೆಂಬುದನ್ನು ಸ್ವಲ್ಪ ಓದಿಕೊಳ್ಳೋಣ.

2016ರ ಜೂನ್‌ನಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ನಾಗರಿಕ ವಿಮಾನಯಾನ ನೀತಿಯನ್ನು ಪ್ರಕಟಿಸಿತು. ಅದರಿಂದ ಹುಟ್ಟಿದ್ದೇ 'ಉಡಾನ್' ಯೋಜನೆ. ಸಣ್ಣ ಊರಿನ ಮಾರ್ಗದಲ್ಲಿ ಹಾರುವ ಕಂಪನಿ ಸುಮಾರು ಅರ್ಧದಷ್ಟು ಸೀಟುಗಳನ್ನು ಮಿತ ದರಕ್ಕೆ ಕೊಡಬೇಕು. ಆರಂಭದಲ್ಲಿ ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಎಂದು ಗೊತ್ತುಮಾಡಿದ್ದರು. ಇದರಿಂದಾಗುವ ನಷ್ಟವನ್ನು ಮೂರು ವರ್ಷ ಸರಕಾರ ತುಂಬಿಕೊಡುತ್ತದೆ. ಹಣ ಮುಖ್ಯವಾಗಿ ದೊಡ್ಡ ಊರುಗಳ ನಡುವಿನ ವಿಮಾನಗಳ ಮೇಲೆ ಹಾಕಿದ ಸುಂಕದಿಂದ ಬರುತ್ತದೆ. ನಮ್ಮಂಥ ರಾಜ್ಯಗಳು ಶೇಕಡಾ 20ರ ಪಾಲು ಹೊರಬೇಕು. ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿತು.

ಎಳೆ ಅಡಿಕೆ ಸಸಿಗೆ ನೆರಳಾಗಲೆಂದು ನಾವು ಬಾಳೆ ನೆಡುತ್ತೇವೆ. ಸಸಿ ಬಲಿತ ಮೇಲೆ ಬಾಳೆ ತೆಗೆಯುತ್ತೇವೆ. ಉಡಾನಿನ ಅನುದಾನವೂ ಇಂಥದೇ ಬಾಳೆ. ಆದರೆ ಮೂರನೆಯ ವರ್ಷಕ್ಕೆ ಬಾಳೆ ಕಡಿದಾಗ ಸಸಿ ಬಿಸಿಲಿಗೆ ನಿಂತಿತೇ? 2023ರ ಆಗಸ್ಟ್‌ನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿಯಲ್ಲಿ ಇದರ ಲೆಕ್ಕವಿದೆ. ಉಡಾನಿನ ಮೊದಲ ಮೂರು ಸುತ್ತುಗಳಲ್ಲಿ ಮಂಜೂರಾದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷ ಪೂರೈಸಿದವು 112. ಅನುದಾನ ಮುಗಿದ ಮೇಲೂ 2023ರ ಮಾರ್ಚ್ ವೇಳೆಗೆ ನಡೆಯುತ್ತಿದ್ದವು 54 ಮಾತ್ರ. ಸಾವಿರ ಸಸಿ ನೆಟ್ಟು ಎಪ್ಪತ್ತು ಉಳಿದರೆ ಅಂಥ ನರ್ಸರಿಯಿಂದ ನಾವು ಮತ್ತೆ ಸಸಿ ತರುತ್ತೇವೆಯೇ?

ನಮ್ಮ ರಾಜ್ಯದ್ದೇ ಉದಾಹರಣೆ ಬೇಕೆಂದರೆ ಬೀದರ್ ಇದೆ. ಅಲ್ಲಿ 2020ರ ಫೆಬ್ರವರಿಯಲ್ಲಿ ವಿಮಾನ ಸೇವೆ ತೊಡಗಿತು, 2023ರ ಕೊನೆಗೆ ನಿಂತಿತು, 2025ರ ಏಪ್ರಿಲ್‌ನಲ್ಲಿ ಮತ್ತೆ ತೊಡಗಿತು. ಕಟ್ಟಡ ಇದ್ದಲ್ಲೇ ಇತ್ತು, ವಿಮಾನ ಇರಲಿಲ್ಲ. ಹೀಗಿದ್ದೂ 2025ರ ಬಜೆಟ್ಟಿನಲ್ಲಿ ಇನ್ನು ಹತ್ತು ವರ್ಷಗಳಲ್ಲಿ 120 ಹೊಸ ಊರುಗಳಿಗೆ ಯೋಜನೆಯನ್ನು ವಿಸ್ತರಿಸುವುದಾಗಿ ಸಾರಿದ್ದಾರೆ. ಗುಡ್ಡಗಾಡಿನ ಹೆಲಿಪ್ಯಾಡುಗಳೂ ಸಣ್ಣ ನಿಲ್ದಾಣಗಳೂ ಅದರಲ್ಲಿ ಸೇರಿವೆ. ಆದ್ದರಿಂದ ಈ ವಿಷಯ ನಮ್ಮಿಂದ ದೂರದ್ದಲ್ಲ.

ವಿಮಾನ ಬಂದರೆ ಅಡಿಕೆಗೆ ಧಾರಣೆ ಏರುತ್ತದೆಂದು ಕೆಲವರು ನಂಬಿದ್ದಾರೆ. ಚಾಲಿಯಾಗಲಿ ರಾಶಿ ಇಡಿಯಾಗಲಿ ಉತ್ತರದ ಪೇಟೆಗೆ ಲಾರಿಯಲ್ಲಿ ಹೋಗುವ ಒಣ ಮಾಲು. ಕಾಫಿ ಕ್ಯೂರಿಂಗ್ ವರ್ಕ್ಸ್‌ನಿಂದ ಬಂದರಿಗೆ ಹೋಗಿ ಹಡಗು ಹತ್ತುತ್ತದೆ. ಎರಡಕ್ಕೂ ಒಂದು ದಿನದ ಅವಸರವಿಲ್ಲ. 2020ರಲ್ಲಿ ಆರಂಭವಾದ 'ಕೃಷಿ ಉಡಾನ್' ಬೇಗ ಕೆಡುವ ಹಣ್ಣು, ಹೂ, ಮೀನಿನಂಥವುಗಳಿಗೆ ಹೊಂದುವಂಥದು. ವಿಮಾನದಿಂದ ನಮಗೆ ಅನುಕೂಲವಿಲ್ಲವೆಂದಲ್ಲ. ಬೆಂಗಳೂರಿನಲ್ಲಿರುವ ಮಕ್ಕಳು ಬೇಗ ಮನೆ ಸೇರಬಹುದು, ಹೋಂಸ್ಟೇ ಇಟ್ಟವರಿಗೆ ಅತಿಥಿಗಳು ಹೆಚ್ಚಬಹುದು. ಮಳೆಗಾಲದ ಮಂಜಿನಲ್ಲಿ ವಿಮಾನ ಇಳಿದರೆ, ಅಷ್ಟೆ!

ಇನ್ನು ಜಮೀನಿನ ಮಾತು. ಇದನ್ನು ನಿಧಾನವಾಗಿ ಓದಬೇಕು. ಬೇಲಿಯ ಒಳಗೆ ಸಿಕ್ಕ ತೋಟ ಹೋಗುತ್ತದೆಂಬುದು ಎಲ್ಲರಿಗೂ ಗೊತ್ತು. ಬೇಲಿಯ ಹೊರಗಿನ ತೋಟಕ್ಕೂ ಕಟ್ಟುಪಾಡು ಉಂಟೆಂಬುದು ಹಲವರಿಗೆ ಗೊತ್ತಿಲ್ಲ. ವಿಮಾನ ಇಳಿಯುವ ದಾರಿಯ ಕೆಳಗೆ ಮನೆಗೂ ಮರಕ್ಕೂ ಎತ್ತರದ ಮಿತಿ ಇದೆ, ಮಿತಿ ಮೀರಿದ ಮರವನ್ನು ಕಡಿಸುವ ನಿಯಮವೂ ಇದೆ. ಉಪಕರಣದ ಸಹಾಯದಿಂದ ದೊಡ್ಡ ವಿಮಾನ ಇಳಿಯುವ ರನ್‌ವೇಯಾದರೆ, ತುದಿಯಿಂದ 60 ಮೀಟರ್ ಬಿಟ್ಟು ಅಲ್ಲಿಂದಾಚೆ ಪ್ರತಿ 50 ಅಡಿ ದೂರಕ್ಕೆ 1 ಅಡಿ ಎತ್ತರ ಎಂಬುದು ಲೆಕ್ಕ. ಸಾವಿರ ಅಡಿ ದೂರದಲ್ಲಿ 20 ಅಡಿ. ಮೂರು ಸಾವಿರ ಅಡಿ ದೂರದಲ್ಲಿ 60 ಅಡಿ. ಫಲ ಕೊಡುತ್ತಿರುವ ಹಳೆಯ ಅಡಿಕೆ ಮರ ಎಷ್ಟು ಎತ್ತರ ಎಂದು ನಿಮಗೆ ಹೇಳಬೇಕಾಗಿಲ್ಲ. ಕಾಫಿ ಗಿಡ ತಗ್ಗು, ನಿಜ; ಆದರೆ ಅದಕ್ಕೆ ನೆರಳು ಕೊಟ್ಟು ಮೆಣಸಿನ ಬಳ್ಳಿ ಹೊತ್ತ ಸಿಲ್ವರ್ ಓಕ್ ತಗ್ಗಲ್ಲ. ಎತ್ತರವನ್ನು ಅಳೆಯುವುದು ರನ್‌ವೇಯ ಮಟ್ಟದಿಂದ. ನಿಮ್ಮ ತೋಟ ಗುಡ್ಡದ ಮೇಲಿದ್ದರೆ ಮರವಿಲ್ಲದೆಯೂ ಮಿತಿ ಮೀರಬಹುದು.

ನೋಟೀಸು ಬಂದರೆ ಅದು ಯಾವ ಕಾಯಿದೆಯಡಿ ಬಂದಿದೆ ಎಂದು ಮೊದಲು ನೋಡಿ. 2013ರ ಭೂಸ್ವಾಧೀನ ಕಾಯಿದೆಯಾದರೆ ಪ್ರಾಥಮಿಕ ಅಧಿಸೂಚನೆಯಿಂದ 60 ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಅದರ 29ನೆಯ ಕಲಮಿನಂತೆ ಮರಗಿಡಗಳ ಬೆಲೆ ಕಟ್ಟಲು ತೋಟಗಾರಿಕೆ ಬಲ್ಲವರ ನೆರವು ಪಡೆಯಬಹುದು. ಪರಿಹಾರದ ಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ ಸೇರುತ್ತದೆ. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯಾದರೆ ಉತ್ತರಿಸಲು ಇರುವುದು 30 ದಿನ. ಕೊಯ್ಲಿನ ಗಡಿಬಿಡಿಯಲ್ಲಿ ತಿಂಗಳು ಕಳೆಯುವುದು ತಿಳಿಯುವುದೇ ಇಲ್ಲ.

ಪಹಣಿಯ ಬೆಳೆ ಕಾಲಂ ಕೂಡ ನೋಡಿಕೊಳ್ಳಿ. ಅಡಿಕೆ ಹಾಕಿ ಇಪ್ಪತ್ತು ವರ್ಷವಾದರೂ ಕೆಲವರ ಪಹಣಿಯಲ್ಲಿ ಇನ್ನೂ ಭತ್ತವೇ ಇದೆ. ನೋಟೀಸು ಬಂದ ಮೇಲೆ ತಿದ್ದಿಸಹೊರಟರೆ ತಕರಾರು ಏಳುವುದು ಸಹಜ. ಸದಸ್ಯರು ಪಹಣಿಯ ಪ್ರತಿಯನ್ನು ಸಂಘದ ಕಚೇರಿಗೆ ತಂದರೆ ನಾವು ಓದಿ ಹೇಳುತ್ತೇವೆ. ಬೆಳೆ ತಪ್ಪಿದ್ದರೆ ಗ್ರಾಮ ಆಡಳಿತ ಅಧಿಕಾರಿಗೆ ಕೊಡಬೇಕಾದ ಅರ್ಜಿಯನ್ನೂ ಬರೆದುಕೊಡುತ್ತೇವೆ.