ಬಾಡಿಗೆ ದುಡ್ಡು ಬೇರೆ ಇಡು

ಪುಟ್ಟಿ, ರಜೆಗೆ ಗೆಳತಿಯರ ಜೊತೆ ಟೊರೊಂಟೊದಿಂದ ಕ್ಯೂಬಾಕ್ಕೆ ಹೊರಟಿದ್ದೀಯಂತೆ, ನಿಮ್ಮಮ್ಮ ಹೇಳಿದಳು. ಹೋಟೆಲು ಬೇಡ, ಕಾಸಾದಲ್ಲಿ, ಅಂದರೆ ಅಲ್ಲಿನವರ ಮನೆಯ ಬಾಡಿಗೆ ಕೋಣೆಯಲ್ಲಿ, ಉಳಿಯುತ್ತೇವೆ ಅಂದೆಯಂತೆ. ಒಳ್ಳೆಯ ಯೋಚನೆ. ಮನೆಯವರೇ ಒಂದೆರಡು ಕೋಣೆ ಬಾಡಿಗೆಗೆ ಕೊಡುವುದಕ್ಕೆ ಅಲ್ಲಿನ ಸರ್ಕಾರ 1997ರಲ್ಲೇ ಕಾನೂನು ಮಾಡಿದೆ. ಬಾಗಿಲ ಮೇಲೆ ಲಂಗರಿನಂಥ ನೀಲಿ ಗುರುತು ಇದ್ದರೆ ಪರವಾನಗಿ ಇರುವ ಮನೆ ಅಂತ ತಿಳಿ.

ಕಾರ್ಡು ನಂಬಿಕೊಂಡು ಮಾತ್ರ ಹೋಗಬೇಡ. ಅಮೆರಿಕದ ಬ್ಯಾಂಕಿನ ಕಾರ್ಡಂತೂ ಅಲ್ಲಿ ನಡೆಯುವುದಿಲ್ಲ. ನಿನ್ನದು ನಡೆದೀತು, ಆದರೆ ಕರೆಂಟು ಹೋದಾಗ ಎಟಿಎಂ ಮುಂದೆ ನಿಂತು ಏನು ಪ್ರಯೋಜನ? ಕಾಸಾದವರ ಹತ್ತಿರ ಕಾರ್ಡು ಉಜ್ಜುವ ಯಂತ್ರ ಇರುವುದಿಲ್ಲ. ಯೂರೋ ಇಲ್ಲವೇ ಅಮೆರಿಕನ್ ಡಾಲರು ನಗದಾಗಿ ಒಯ್ಯಿ. ಹರಿದದ್ದು, ಗೀಚಿದ್ದು ಬೇಡ. ಐದು, ಹತ್ತು, ಇಪ್ಪತ್ತರ ನೋಟೇ ಹೆಚ್ಚಿರಲಿ. ದೊಡ್ಡ ನೋಟಿಗೆ ಆ ಮನೆಗಳಲ್ಲಿ ಚಿಲ್ಲರೆ ಹುಟ್ಟುವುದು ಕಷ್ಟ.

ನಾನು ಒತ್ತಿ ಹೇಳುವುದು ಒಂದೇ: ಬಾಡಿಗೆ ದುಡ್ಡನ್ನು ಬೇರೆ ಖರ್ಚಿನ ಜೊತೆ ಬೆರೆಸಬೇಡ. ಊರಿಗೊಂದು ಲಕೋಟೆ ಮಾಡು, ಮೇಲೆ ಬರೆದಿಡು: ಹವಾನಾ, ವಿನ್ಯಾಲೆಸ್, ಟ್ರಿನಿಡಾಡ್. ಅಷ್ಟೂ ರಾತ್ರಿಯ ಬಾಡಿಗೆ ಎಣಿಸಿ ಹಾಕಿ ಅಂಟಿಸಿಬಿಡು. ಎಷ್ಟೇ ಆಸೆಯಾಗಲಿ, ಅದಕ್ಕೆ ಕೈ ಹಾಕಕೂಡದು. ಊಟಕ್ಕೆ ಸಾಲದಿದ್ದರೆ ಬ್ರೆಡ್ಡು ಬಾಳೆಹಣ್ಣಿನಲ್ಲಿ ಒಂದು ದಿನ ತಳ್ಳಬಹುದು; ಕತ್ತಲಾದ ಮೇಲೆ ಮಲಗಲು ಜಾಗವಿಲ್ಲದೆ ನೀವು ಬೀದಿಯಲ್ಲಿ ನಿಲ್ಲಬಾರದು. ಮೊದಲ ಎರಡು ರಾತ್ರಿಯದನ್ನು ಸಾಧ್ಯವಾದರೆ ಟೊರೊಂಟೊದಿಂದಲೇ ಆನ್‌ಲೈನಿನಲ್ಲಿ ಕಟ್ಟಿಬಿಡು.

ಚೀಲ ಇಳಿಸುವ ಮುಂಚೆ ಕೇಳು: ಎಷ್ಟು, ಯಾವ ದುಡ್ಡಿನಲ್ಲಿ, ತಿಂಡಿ ಸೇರಿದೆಯೋ ಇಲ್ಲವೋ. ಸಾಮಾನ್ಯವಾಗಿ ಲೆಕ್ಕ ಕೋಣೆಗೆ, ತಲೆಗಲ್ಲ, ತಿಂಡಿಗೆ ಬೇರೆ. ಅವರು ಹೇಳಿದ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆಸಿಕೊ, ಸ್ಪ್ಯಾನಿಷ್ ಬಾರದಿದ್ದರೂ ತಕರಾರು ಬರುವುದಿಲ್ಲ. ಬಸ್ ನಿಲ್ದಾಣದಲ್ಲಿ ಯಾರಾದರೂ 'ಒಳ್ಳೆಯ ಮನೆ ತೋರಿಸುತ್ತೇನೆ' ಅಂತ ಹಿಂದೆ ಬಿದ್ದರೆ, ಅವರ ಕಮಿಷನ್ನು ನಿನ್ನ ಬಾಡಿಗೆಯಲ್ಲೇ ಸೇರುತ್ತದೆ. ಪಾಸ್‌ಪೋರ್ಟ್ ಕೇಳಿದರೆ ಹೆದರಬೇಡ, ಬಂದವರ ಹೆಸರು ದಾಖಲಿಸುವುದು ಮನೆಯವರ ಕರ್ತವ್ಯ. ಬರೆದುಕೊಂಡ ಮೇಲೆ ವಾಪಸು ತೆಗೆದುಕೊ.

ಅಲ್ಲಿನ ಹಣ ಪೆಸೊ ಕೈಗೆ ಬಂದಾಗ ನೋಟನ್ನು ಓದು. 'ಪೆಸೋಸ್ ಕನ್ವರ್ಟಿಬ್ಲೆಸ್' ಅಂತಿದ್ದರೆ ಬೇಡ ಅನ್ನು. ಆ ಹಣ 2021ರಲ್ಲೇ ರದ್ದಾಯಿತು. ಈಗ ನಡೆಯುವ ನೋಟಿನ ಮೇಲೆ ಮನುಷ್ಯರ ಮುಖ ಇರುತ್ತದೆ, ರದ್ದಾದದ್ದರ ಮೇಲೆ ಸ್ಮಾರಕಗಳು.

ತೀರಾ ಚೌಕಾಸಿ ಮಾಡಬೇಡ ಪುಟ್ಟಿ. ಮೊಟ್ಟೆ, ಕಾಫಿಪುಡಿಗೂ ಪರದಾಡುವ ನಾಡಿನಲ್ಲಿ ಆ ಮನೆಯಾಕೆ ಎಲ್ಲೆಲ್ಲೋ ಅಲೆದು ತಂದು ನಿನ್ನ ತಟ್ಟೆಗೆ ಬಡಿಸಿರುತ್ತಾಳೆ. ಹೊರಡುವ ಹಿಂದಿನ ಸಂಜೆಯೇ ಬಾಕಿ ಎಣಿಸಿ ಕೈಗೆ ಕೊಡು. ಉಳಿದ ಪೆಸೊ ದೇಶ ದಾಟಿದರೆ ಎಲ್ಲೂ ನಡೆಯುವುದಿಲ್ಲ, ತಿಂಡಿಯ ಲೆಕ್ಕ ಅದರಲ್ಲೇ ತೀರಿಸು.